ಹೊಟ್ಟೆಗೆ ಕತ್ತರಿ ಹಾಕಿಸಿಕೊಂಡ ವರ್ಷ

ಹೊಲಿಗೆ ಬಿಟ್ಟುಕೊಳ್ಳಬಹುದಿತ್ತು. ಕತ್ತರಿಸಿ ಪಿನ್ನು ಹೊಡೆದ ಜಾಗದಿಂದ ಹೊಟ್ಟೆಯಲ್ಲಿರುವುದು ಒಳಗೊಳಗೇ ಸೋರಿ, ಜ್ವರ ಬಂದು, ನಾಡಿ ಓಟ ಕಿತ್ತು, ಮುಚ್ಚಿದ ಹೊಟ್ಟೆಯನ್ನು ಮತ್ತೆ ತೆರೆಯಬೇಕಾಗಬಹುದಿತ್ತು. ರಕ್ತ ನಿಲ್ಲದೆ ಹೋಗಬಹುದಿತ್ತು. ಮೀನಖಂಡದಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರೊಂದು ಅಲ್ಲೇ ತೆಪ್ಪಗಿರಲಾರದೆ ಮೇಲಕ್ಕೆ ಹೊರಟು ಶ್ವಾಸಕೋಶದಲ್ಲಿ ಹೋಗಿ ಕುಳಿತುಬಿಡಬಹುದಿತ್ತು. ಅರಿವಳಿಕೆ ಕೊಟ್ಟವರಿಗೆ ನನ್ನನ್ನು ಮಲಗಿಸಲು ಬಂದು ಎಬ್ಬಿಸಲು ಬಾರದೆ ಹೋಗಬಹುದಿತ್ತು. ಉಳಿಸಿದ ಹೊಟ್ಟೆ ತೀರಾ ಇರುಕಾಗಿ ಗುಟುಕು ನೀರೂ ಇಳಿಯದಂತಾಗಬಹುದಿತ್ತು. ಹುಳಿ ಎದೆಗೇರಿ ಜೀವನಪೂರ್ತಿ ಎದೆಯುರಿ ಉಳಿಯಬಹುದಿತ್ತು. ತೂಕ ಸರಸರ ಇಳಿದು ಪಿತ್ತಕೋಶದಲ್ಲಿ ಕಲ್ಲಾಗಬಹುದಿತ್ತು. ವಿಟಮಿನ್ನು ಸಾಲದೆ ಕೈಕಾಲು ಜೋಮು ಹಿಡಿಯಬಹುದಿತ್ತು, ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬರಬಹುದಿತ್ತು, ತೋಳಿನ ಚರ್ಮ ಒಣಹಾಕಿದ ಟವೆಲಿನಂತೆ ಜೋತುಬೀಳಬಹುದಿತ್ತು. ಇಷ್ಟೆಲ್ಲ ಆಗಿ, ಕೊನೆಗೆ ಇಳಿದ ತೂಕ ಒಂದೊಂದೇ ಕಿಲೋ ಹಿಂದಿರುಗಿ ಬಂದು, ಹೊಸದುರ್ಗದ ಜನ ನನ್ನ ಬೆನ್ನ ಹಿಂದೆ, "ಸುಮ್ನೆ ಕೊಯ್ಸ್ಕಂಡ್ಲು ನೋಡು" ಅನ್ನಬಹುದಿತ್ತು.

ಇವು ಡಾಕ್ಟರು ಹೇಳಿದವು. ಇವಕ್ಕೆ ನಾನು ಸ್ವಂತ ಶ್ರಮದಿಂದ ಸೇರಿಸಿದ್ದು ಬೇರೆ. ಆಪರೇಷನ್ ಮಧ್ಯೆ ಕರೆಂಟು ಹೋಗಬಹುದು. ನನ್ನ ಭಾರಕ್ಕೆ ಟೇಬಲ್ಲಿನ ಒಂದು ಕಾಲು ಮಡಚಿಕೊಳ್ಳಬಹುದು. ಫೈಲು ಅದಲುಬದಲಾಗಿ ನನ್ನ ಹೊಟ್ಟೆ ಇದ್ದ ಹಾಗೇ ಇದ್ದು ಮಂಡಿ ಮಾತ್ರ ಹೊಸದಾಗಬಹುದು. ಅರ್ಧ ಎಚ್ಚರವಾಗಿ, ಬಾಯಿ ಬಿಡಲಾಗದೆ, ಸುತ್ತ ನಿಂತವರು ನನ್ನ ಕೊಬ್ಬಿನ ಬಗ್ಗೆ ಆಡುವ ಮಾತೆಲ್ಲ ನನಗೆ ಕೇಳಿಸಬಹುದು. ನಿಜ ಹೇಳಬೇಕೆಂದರೆ ಸಾವಿಗಿಂತ ಈ ಕೊನೆಯದಕ್ಕೇ ನಾನು ಹೆಚ್ಚು ಹೆದರಿದ್ದೆ.

ನಾನು ಹೊಸದುರ್ಗದಿಂದ ದಿನಾ ಬಸ್ಸಿನಲ್ಲಿ ಶ್ರೀರಾಂಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹೆದರುವುದು ನನ್ನ ಎರಡನೆಯ ನೌಕರಿ. ಅದಕ್ಕೆ ಬೇಸಿಗೆ ರಜೆ, ದಸರಾ ರಜೆ ಯಾವುದೂ ಇಲ್ಲ. ಹಿರಿಯೂರಿನಲ್ಲಿ ಓದುವ ಮಗಳು ಫೋನು ತೆಗೆಯದಿದ್ದರೆ ಬಾವಿಯಿಂದ ಹಿಡಿದು ಲಾರಿಯವರೆಗೆ ಎಲ್ಲವನ್ನೂ ಒಂದು ಸುತ್ತು ಯೋಚಿಸಿ ಬರುವಷ್ಟು ಅಭ್ಯಾಸ ನನಗಿದೆ. ನನ್ನ ಯಜಮಾನರದು ತದ್ವಿರುದ್ಧ. ಸುಟ್ಟುಹೋದ ಪಂಪ್‌ಸೆಟ್ಟು ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವರದು. ದಿನಾ ಸುಟ್ಟದ್ದನ್ನೇ ನೋಡುವುದರಿಂದಲೋ ಏನೋ, ಸುಡುವ ಮೊದಲೇ ಹೆದರುವುದು ಅವರಿಗೆ ತಿಳಿಯುವುದಿಲ್ಲ.

ತೂಕ ನನಗೆ ಒಂದೇ ದಿನ ಬಂದದ್ದಲ್ಲ. ಬಾಣಂತನದಲ್ಲಿ ಸ್ವಲ್ಪ, ಥೈರಾಯ್ಡಿನಲ್ಲಿ ಸ್ವಲ್ಪ, ಟೀಚರುಗಳ ನಿವೃತ್ತಿ ಸಮಾರಂಭಗಳಲ್ಲಿ ಬಹಳ. ಮನೆಯ ತೂಕದ ಯಂತ್ರ ತನ್ನ ಮಿತಿ ಮುಟ್ಟಿ ಮುಳ್ಳು ನಡುಗಿಸಲು ಶುರುಮಾಡಿದ ಮೇಲೆ, ಯಜಮಾನರು ನನ್ನನ್ನು ತಮ್ಮ ಸ್ನೇಹಿತರ ಕೊಬ್ಬರಿ ಮಂಡಿಗೆ ಕರೆದುಕೊಂಡು ಹೋದರು. ಚೀಲ ತೂಗುವ ಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ನಿಂತೆ. ಮಂಡಿಯ ಹಮಾಲಿ ಒಬ್ಬ, ನನ್ನ ಹಳೆಯ ವಿದ್ಯಾರ್ಥಿಯೇ, ಅಂಕಿ ನೋಡಿ ಬಹಳ ಮರ್ಯಾದೆಯಿಂದ ಕೇಳಿದ.

"ಮಿಸ್, ಚೀಲದ ತೂಕ ಕಳೀಬೇಕಾ?"

"ಕಳಿಯಪ್ಪಾ, ಎಷ್ಟಾಗ್ತೈತೋ ಅಷ್ಟು ಕಳಿ," ಅಂದರು ನಮ್ಮವರು.

ನಗಬಹುದಾದ ಕಾಲ ಅದು. ನಿದ್ದೆಯ ವಿಷಯ ಶುರುವಾದ ಮೇಲೆ ನಗು ಕಡಿಮೆಯಾಯಿತು. ಬಸ್ಸಿನಲ್ಲಿ ಕೂತ ತಕ್ಷಣ ತೂಕಡಿಸಿ ಶ್ರೀರಾಂಪುರ ದಾಟಿ ಹೋಗುವುದು, ಕಂಡಕ್ಟರು ಎಬ್ಬಿಸಿ, "ಟೀಚರ್, ಸ್ಕೂಲು ಹಿಂದುಕ್ಕೆ ಹೋತು," ಅನ್ನುವುದು ಮಾಮೂಲಾಯಿತು. ಒಂದು ದಿನ ಹತ್ತನೇ ತರಗತಿಗೆ ವರ್ಗಸಮೀಕರಣ ಬರೆಯುತ್ತ ಬರೆಯುತ್ತ ನಿಂತಲ್ಲೇ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ನಾನು ಬರೆದ ಎಕ್ಸಿನ ಒಂದು ಕಾಲು ಬೋರ್ಡಿನ ಅಂಚಿನವರೆಗೂ ಗೀಟಾಗಿ ಇಳಿದಿತ್ತು. ಮಕ್ಕಳು ಅದನ್ನೂ ಹಾಗೇ ತಮ್ಮ ಪುಸ್ತಕದಲ್ಲಿ ಎಳೆದುಕೊಂಡಿದ್ದರು.

ರಾತ್ರಿಯದು ನನಗೆ ಗೊತ್ತಿರಲಿಲ್ಲ, ಯಜಮಾನರಿಗೆ ಗೊತ್ತಿತ್ತು. ಬೇರೆ ಮನೆಗಳಲ್ಲಿ ಹೆಂಡತಿಯ ಗೊರಕೆ ಶುರುವಾದರೆ ಗಂಡನಿಗೆ ಎಚ್ಚರವಾಗುತ್ತದೆ. ಇವರಿಗೆ ನನ್ನ ಗೊರಕೆ ನಿಂತರೆ ಎಚ್ಚರವಾಗುತ್ತಿತ್ತು.

"ಬೋರು ಓಡ್ತಾ ಓಡ್ತಾ ಟಕ್ಕಂತ ನಿಂತಂಗೆ ಆಗ್ತೈತೆ ಕಣೇ," ಅಂದರು ಒಂದು ಬೆಳಿಗ್ಗೆ, ಟೀ ಲೋಟದೊಳಗೆ ನೋಡುತ್ತ. "ಗೊರಕೆ ಇರಲ್ಲ, ಉಸಿರೂ ಇರಲ್ಲ. ನಾನು ಕಾಲಾಗೆ ಒದ್ದರೆ ಮತ್ತೆ ಸ್ಟಾರ್ಟ್ ಆಗ್ತೀಯ."

"ಎಷ್ಟು ದಿನದಿಂದ?"

"ಭಾಳ ದಿನ ಆತು. ಹೇಳಿದ್ರೆ ಹೆದರ್ಕಂತೀಯ ಅಂತ ಹೇಳ್ಲಿಲ್ಲ."

ಯಾವುದಕ್ಕೂ ಹೆದರದ ಮನುಷ್ಯ ಎಷ್ಟೋ ದಿನಗಳಿಂದ ನನ್ನ ಪಕ್ಕದಲ್ಲಿ ಮಲಗಿ ನನ್ನ ಉಸಿರು ಕಾಯುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡ ಭಯ ಬೇರೆ ಬೇಕಿರಲಿಲ್ಲ.

ಚಿತ್ರದುರ್ಗದಲ್ಲಿ ತೋರಿಸಿದೆವು. ಅಲ್ಲಿನ ಡಾಕ್ಟರು ಒಂದು ರಾತ್ರಿ ಮೈತುಂಬ ತಂತಿ ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿ ಹೇಳಿದ್ದು ಸ್ಪಷ್ಟವಾಗಿತ್ತು. ಕತ್ತಿನ ಸುತ್ತಲ ಕೊಬ್ಬು ನಿದ್ದೆಯಲ್ಲಿ ಗಂಟಲನ್ನು ಅದುಮುತ್ತದೆ, ಉಸಿರು ನಿಲ್ಲುತ್ತದೆ, ಸಕ್ಕರೆ ಮತ್ತು ಬೀಪಿಯ ಜೊತೆ ಇದೂ ಸೇರಿ ಹೃದಯ ದಣಿಯುತ್ತಿದೆ. ಮೊದಲಿಗೆ ಮೂಗಿಗೆ ಗಾಳಿ ಊದುವ ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡು ಮಲಗಿದರೆ ಕರೆಂಟು ಹೋದಾಗ ಏನು ಗತಿ ಎಂದು ಯೋಚಿಸುತ್ತ ಎಚ್ಚರವಾಗಿಯೇ ಇರುತ್ತಿದ್ದೆ. ಎಚ್ಚರವಾಗಿದ್ದರೆ ಉಸಿರು ನಿಲ್ಲುವುದಿಲ್ಲವಾದ್ದರಿಂದ ಆ ಮಟ್ಟಿಗೆ ಯಂತ್ರ ಕೆಲಸ ಮಾಡಿತು ಅನ್ನಬೇಕು. ತೂಕ ಇಳಿಸಿ ಎಂದರು. ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಬೆಳಗಿನ ಹೊತ್ತು ಬೈಪಾಸಿನವರೆಗೆ ನಡೆದೆ. ಇಳಿದದ್ದು ಪ್ರತಿ ಸಲವೂ ಬಡ್ಡಿ ಸಮೇತ ವಾಪಸು ಬಂತು. ಆಗ ಅವರೇ, ದಾವಣಗೆರೆಯಲ್ಲಿ ಹೊಟ್ಟೆ ಕಿರಿದು ಮಾಡುವ ಸರ್ಜನ್ನರೊಬ್ಬರಿದ್ದಾರೆ, ಒಮ್ಮೆ ಮಾತಾಡಿ ನೋಡಿ ಅಂದರು.

ಮಾಡಿಸದಿದ್ದರೆ ಯಾವುದೋ ಒಂದು ರಾತ್ರಿ ಯಜಮಾನರಿಗೆ ಎಚ್ಚರವಾಗದೆ ಇರಬಹುದು. ಮಾಡಿಸಿದರೆ ಮೊದಲು ಹೇಳಿದ ಅಷ್ಟೂ ಆಗಬಹುದು. ನನ್ನಂಥವಳಿಗೆ ಎರಡೂ ಕಡೆ ಸಮೃದ್ಧವಾಗಿ ಮೇವಿತ್ತು.

ಮನೆಯಲ್ಲಿ ಈ ಮಾತು ಎತ್ತಿದಾಗ ಬೇಸರವಾದದ್ದು ಅತ್ತೆಗೆ. ಅತ್ತೆ ಬಬ್ಬೂರಿನವರು. ಅಲ್ಲಿನ ಫಾರಂನಲ್ಲಿ ಕಳೆ ಕಿತ್ತು, ಅರೆಹೊಟ್ಟೆಯಲ್ಲಿ ಮಕ್ಕಳನ್ನು ದೊಡ್ಡ ಮಾಡಿದವರು. ಸೊಸೆ ಬಂದ ಮೇಲೆ ಅವರಿಗಿದ್ದ ಒಂದೇ ಹಟ ಎಂದರೆ ತಟ್ಟೆ ಬರಿದಾಗಲು ಬಿಡಬಾರದು ಎನ್ನುವುದು. ಮುದ್ದೆ ಅವರ ಕೈಯದೇ ಆಗಬೇಕು. ಗಂಟಿಲ್ಲದೆ, ಬಿರುಕಿಲ್ಲದೆ, ಹದವಾಗಿ ಹೊಳೆಯುತ್ತ ತಟ್ಟೆಗೆ ಬೀಳುವ ಮುದ್ದೆ. ನಮ್ಮ ಶಾಲೆಗೆ ಕರಾವಳಿಯಿಂದ ಹೊಸದಾಗಿ ಬಂದ ಹೆಡ್‌ಮಾಸ್ಟರನ್ನು ಒಮ್ಮೆ ಊಟಕ್ಕೆ ಕರೆದಿದ್ದೆ. ಅವರು ಮುದ್ದೆ ಮುರಿದು ಬಾಯಿಗಿಟ್ಟು ಅಗಿದರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ, ಕಣ್ಣು ಮಿಟುಕಿಸದೆ ನೋಡಿದರು. ಹೆಡ್‌ಮಾಸ್ಟರು ಹೋದ ಮೇಲೆ, "ಪಾಪ, ಓದಿದೋರು. ಎಮ್ಮೆ ಮೆಲುಕು ಹಾಕ್ದಂಗೆ ಹಾಕ್ತಾರಲ್ಲವ್ವಾ. ಹಲ್ಲಿಗೆ ಮೆತ್ಕಳಲ್ವಾ?" ಅಂದರು. ಆ ವರ್ಷವೆಲ್ಲ ಮನೆಗೆ ಬಂದವರಿಗೆ ಅದೊಂದು ಕಥೆಯಾಗಿತ್ತು.

ಈಗ ಅವರು ಮೊರದಲ್ಲಿದ್ದ ಅವರೆಕಾಳಿನ ಮೇಲೆ ಕೈಯಾಡಿಸುತ್ತ ಕೇಳಿದರು. "ಹೊಟ್ಟೆ ಕೊಯ್ಸ್ಕಂಡು ಊಟ ಬಿಡ್ತಾರಂತಾ? ಅಂದ್ರೆ ನಾನು ಮಾಡಿ ಹಾಕಿದ್ದೇ ತಪ್ಪಾತು ಅನ್ನು."

"ಹಂಗಲ್ಲ ಅತ್ತೆ. ಉಸಿರು ನಿಲ್ತೈತಂತೆ."

"ನನ್ ಮಗ ಒದೀತಾನಲ್ಲ."

"ಅವ್ರಿಗೂ ವಯಸ್ಸಾತಲ್ಲ. ಎಷ್ಟು ದಿನ ಒದೀತಾರೆ?"

ಅತ್ತೆ ಸ್ವಲ್ಪ ಹೊತ್ತು ಕಾಳು ಆರಿಸಿದರು. "ಹೋಗಿ ಬರ್ರಿ," ಅಂದರು. "ಆದ್ರೆ ಪೂರ್ತಿ ತೆಗೀಬ್ಯಾಡ ಅಂತ ಹೇಳು ಡಾಕ್ಟ್ರಿಗೆ. ಒಂದ್ ಮುದ್ದೆ ಹಿಡ್ಸೋವಷ್ಟು ಜಾಗ ಇರ್ಲಿ."

ಸರ್ಜನ್ನರು ತಾಳ್ಮೆಯ ಮನುಷ್ಯ. ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು, ಉದ್ದಕ್ಕೆ ಗೆರೆ ಎಳೆದು, ದೊಡ್ಡ ಭಾಗ ತೆಗೆದುಹಾಕಿ ಬಾಳೆಹಣ್ಣಿನ ಗಾತ್ರದ ಕೊಳವೆ ಉಳಿಸುತ್ತೇವೆ ಎಂದರು.

"ತೆಗೆದಿದ್ದನ್ನ ಏನ್ ಮಾಡ್ತೀರಿ ಸಾರ್?" ಯಜಮಾನರು ಕೇಳಿದರು. ಅವರ ಅಂಗಡಿಯಲ್ಲಿ ಸುಟ್ಟ ತಾಮ್ರವನ್ನೂ ಎಸೆಯುವುದಿಲ್ಲ.

"ಲ್ಯಾಬಿಗೆ ಕಳಿಸ್ತೀವಿ," ಅಂದರು ಸರ್ಜನ್.

ನಾನು ಕೇಳಿದ್ದು ಪಿನ್ನಿನ ಬಗ್ಗೆ. ಕತ್ತರಿಸಿದ ಅಂಚಿಗೆ ಹೊಡೆಯುವುದು ಸ್ಟೇಪ್ಲರಿನಂಥದೇ ಸಾಧನ, ಪಿನ್ನುಗಳು ಮಾತ್ರ ಬೇರೆ ಲೋಹದವು, ಜೀವನಪೂರ್ತಿ ಒಳಗೇ ಇರುತ್ತವೆ ಎಂದರು. ನನ್ನ ಕಣ್ಣ ಮುಂದೆ ನಮ್ಮ ಶಾಲೆಯ ಆಫೀಸಿನ ಸ್ಟೇಪ್ಲರ್ ಬಂತು. ಒಂದು ಪಿನ್ನು ನೆಟ್ಟಗೆ ಹೊಡೆದರೆ ಎರಡು ಸೊಟ್ಟಗೆ ಹೊಡೆಯುತ್ತದೆ. ಮೂರನೆಯದಕ್ಕೆ ಬಾಯಿ ಕಚ್ಚಿಕೊಂಡು ಕೂರುತ್ತದೆ. ಗುಮಾಸ್ತರು ಅದನ್ನು ಮೇಜಿಗೆ ಕುಟ್ಟಿ ಸರಿಮಾಡುತ್ತಾರೆ.

"ಸೋರೋದೇ ಇಲ್ಲ ಅಂತ ಹೇಳ್ತೀರಾ ಸಾರ್?"

"ಹಾಗೆ ಯಾವ ಡಾಕ್ಟರೂ ಹೇಳಬಾರದು," ಅಂದರು. "ಅಪರೂಪ, ಆದರೆ ಆಗಬಹುದು. ಸೋರಿದ್ರೆ ಹೇಗೆ ಗೊತ್ತಾಗುತ್ತೆ, ಆಗ ಏನು ಮಾಡ್ತೀವಿ ಅನ್ನೋದನ್ನ ಹೇಳ್ತೀನಿ. ಜ್ವರ ಬಂದ್ರೆ, ಎದೆ ಹೊಡ್ಕೊಳ್ಳೋದು ಜಾಸ್ತಿಯಾದ್ರೆ, ಹೊಟ್ಟೆ ನೋವು ಏರ್ತಾ ಹೋದ್ರೆ, ಉಸಿರು ಕಟ್ಟಿದ್ರೆ, ಒಂದು ಕಾಲು ಊದಿಕೊಂಡ್ರೆ ಫೋನ್ ಮಾಡಬೇಕು. ನಾಳೆ ನೋಡೋಣ ಅನ್ನಬಾರದು. ವಿಟಮಿನ್ ಮಾತ್ರೆ, ರಕ್ತ ಪರೀಕ್ಷೆ ಜೀವನಪೂರ್ತಿ. ಮತ್ತೆ ಇದು ಮಂತ್ರ ಅಲ್ಲ. ದಿನವಿಡೀ ಸಿಹಿ ಮೆಲ್ಲುತ್ತಾ ಕೂತರೆ ಈ ಪುಟ್ಟ ಹೊಟ್ಟೆಯಲ್ಲೂ ತೂಕ ಬರುತ್ತೆ."

ಎಲ್ಲ ಸುರಕ್ಷಿತ, ಏನೂ ಆಗಲ್ಲ ಎಂದಿದ್ದರೆ ನಾನು ಎದ್ದು ಬರುತ್ತಿದ್ದೆನೇನೋ. ಆಗಬಹುದಾದ್ದನ್ನೆಲ್ಲ ಸಾಲಾಗಿ ಹೇಳುವ ಮನುಷ್ಯನನ್ನು ಕಂಡು ನನಗೆ ಸ್ವಜಾತಿಯವರು ಸಿಕ್ಕಂತಾಯಿತು. ಒಪ್ಪಿಕೊಂಡೆ.

ಊಟದ ಬಗ್ಗೆ ಹೇಳಲು ಬೇರೊಬ್ಬ ಡಯಟಿಷಿಯನ್ ಇದ್ದಳು. ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬೇಕು, ಅಚ್ಚುಕಟ್ಟಾದ ಮಾತು. ಮೊದಲು ಬರೀ ತಿಳಿ ನೀರು, ಆಮೇಲೆ ಗಂಜಿ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನ ಊಟ. ಊಟದ ಜೊತೆ ನೀರು ಕುಡಿಯಬಾರದು. ಗಟ್ಟಿಯಾದ ಏನನ್ನೇ ಆಗಲಿ ಬಾಯಲ್ಲೇ ನೀರಾಗುವವರೆಗೆ ಅಗಿಯಬೇಕು, ತುಂಡು ನುಂಗಿದರೆ ಸಿಕ್ಕಿಕೊಳ್ಳುತ್ತದೆ. ನಾನು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಇಡ್ಲಿ? ಅಗಿದು. ಚಪಾತಿ? ಬಹಳ ದಿನ ಬೇಡ, ಆಮೇಲೂ ಚೆನ್ನಾಗಿ ಅಗಿದು. ಅನ್ನ? ಸ್ವಲ್ಪ, ಅಗಿದು.

"ಮುದ್ದೆ?" ಅಂದೆ.

"ರಾಗಿ ತುಂಬಾ ಒಳ್ಳೇದು ಮೇಡಂ. ಮೆತ್ತಗಿನ ಊಟ ಶುರುವಾದಾಗ ಮೃದುವಾಗಿ ಮಾಡಿಸಿಕೊಂಡು ಒಂದು ಚೂರು ತಿನ್ನಿ."

ಈ ಸಿಹಿಸುದ್ದಿಯನ್ನು ಬಸ್‌ಸ್ಟ್ಯಾಂಡಿನಿಂದಲೇ ಅತ್ತೆಗೆ ಫೋನು ಮಾಡಿ ಹೇಳಿದೆ.

ಆಪರೇಷನ್ನಿಗೆ ಮೊದಲು ಲಿವರಿನ ಕೊಬ್ಬು ಇಳಿಯಲೆಂದು ಕೆಲವು ದಿನ ಪಥ್ಯ. ಆ ದಿನಗಳಲ್ಲಿ ನಾನು ಯಜಮಾನರಿಗೆ ಮನೆಯ ವ್ಯವಹಾರವೆಲ್ಲ ಒಪ್ಪಿಸಿದೆ. ಮಗಳ ಫೀಸು ಯಾವಾಗ, ಅತ್ತೆಯ ಬೀಪಿ ಮಾತ್ರೆ ಯಾವ ಡಬ್ಬಿಯಲ್ಲಿ, ಉಪ್ಪಿನಕಾಯಿಗೆ ಹಸಿ ಸೌಟು ಹಾಕಬಾರದು.

"ಹೋಗೋಳಂಗೇ ಹೇಳ್ತಿದೀಯಲ್ಲೇ," ಅಂದರು.

"ಹೋದ್ರೆ?"

"ಹೋದ್ರೆ ಉಪ್ಪಿನಕಾಯಿ ಕೆಡ್ತೈತೆ ಅಷ್ಟೇ ಅಲ್ವಾ, ಬಿಡು."

ತಮಾಷೆ ಮಾಡಿದರು. ಆದರೆ ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಸೌಟನ್ನು ಪಂಚೆಯಿಂದ ಒರೆಸುತ್ತ ನಿಂತಿದ್ದರು.

ಆಸ್ಪತ್ರೆಗೆ ಸೇರುವ ದಿನ ಹೊಳಲ್ಕೆರೆಯಲ್ಲಿ ಬಾಡಿಗೆ ಕಾರು ನಿಲ್ಲಿಸಲು ಹೇಳಿದೆ. ಬಯಲಲ್ಲಿ ಕುಳಿತ ದೊಡ್ಡ ಗಣಪನಿಗೆ ಕಾಯಿ ಒಡೆಸಬೇಕಿತ್ತು. ಕಾಯಿ ಕೆಟ್ಟಿದ್ದರೆ ಅಪಶಕುನವಾದೀತೆಂದು ಅಂಗಡಿಯವನ ಮುಂದೆ ಮೂರು ನಾಲ್ಕು ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಯಜಮಾನರ ಕಿವಿಯ ಹತ್ತಿರವೂ ಅಲ್ಲಾಡಿಸಿ, ಒಂದನ್ನು ಆರಿಸಿದೆ. ಕೈಮುಗಿದು ನಿಂತಾಗ ಪಕ್ಕದಿಂದ ಮೆಲ್ಲಗೆ ಮಾತು ಬಂತು.

"ಅಷ್ಟು ದೊಡ್ಡ ಹೊಟ್ಟೆ ಇರೋನ ಹತ್ರ ಬಂದು ಹೊಟ್ಟೆ ಸಣ್ಣದು ಮಾಡಪ್ಪಾ ಅಂತ ಕೇಳ್ತೀಯಲ್ಲೇ. ಅವ್ನಿಗೆ ಬೇಜಾರಾಗಲ್ವಾ?"

ಕಾಯಿ ಚೆನ್ನಾಗಿಯೇ ಇತ್ತು. ಆದರೆ ಅಲ್ಲಿಂದ ದಾವಣಗೆರೆಯವರೆಗೆ ನನಗೆ ಈ ಹೊಸ ಚಿಂತೆ. ನಾನು ಅವನಲ್ಲಿ ನಿಜವಾಗಿ ಬೇಡಿಕೊಂಡದ್ದು ಉಸಿರನ್ನೇ ಹೊರತು ಹೊಟ್ಟೆಯನ್ನಲ್ಲ ಎಂದು ಮನಸ್ಸಿನಲ್ಲೇ ತಿದ್ದುಪಡಿ ಕಳಿಸುತ್ತ ಹೋದೆ.

ಆಸ್ಪತ್ರೆಯಲ್ಲಿ ಕಾಲುಂಗುರ ತೆಗೆಯಲು ಸೋಪು ಸಾಲದೆ ಕೊಬ್ಬರಿ ಎಣ್ಣೆ ತರಿಸಿದರು. ಅಷ್ಟು ವರ್ಷ ಕಾಲಿನಲ್ಲೇ ಬೇರುಬಿಟ್ಟಿದ್ದವು. ಯಜಮಾನರು ಅವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಕೈ ಇಟ್ಟುಕೊಂಡರು. ನನ್ನನ್ನು ಒಳಗೆ ತಳ್ಳಿಕೊಂಡು ಹೋಗುವಾಗಲೂ ಆ ಕೈ ಅಲ್ಲೇ ಇತ್ತು. ಅವರು ಹೆದರಿದಾಗ ಹೇಗಿರುತ್ತಾರೆ ಎಂದು ಆವತ್ತು ಕಂಡೆ. ತಮಾಷೆ ಮಾಡುವುದಿಲ್ಲ, ಅಷ್ಟೇ.

ಟೇಬಲ್ಲು ಮುರಿಯಲಿಲ್ಲ. ಕರೆಂಟು ಹೋಯಿತೋ ಇಲ್ಲವೋ ನನಗೆ ತಿಳಿಯದು. ಕಣ್ಣು ಬಿಟ್ಟಾಗ ಬಾಯಿ ಒಣಗಿತ್ತು, ಹೊಟ್ಟೆಯ ಮೇಲೆ ಅಲ್ಲಲ್ಲಿ ಬ್ಯಾಂಡೇಜಿನ ಚೂರುಗಳಿದ್ದವು, ಯಜಮಾನರು ನನ್ನ ಮೂಗಿನ ಮುಂದೆ ಬೆರಳು ಹಿಡಿದುಕೊಂಡಿದ್ದರು.

ಮಾರನೆಯ ದಿನ ಬಲ ಭುಜದಲ್ಲಿ ಚುಚ್ಚಿದಂಥ ನೋವು ಬಂತು. ಹೃದಯ ಎಡಗಡೆ ಇರುವುದು ಗೊತ್ತಿದ್ದರೂ, ನನ್ನ ದುರದೃಷ್ಟಕ್ಕೆ ಬಲಗಡೆಯೂ ಆದೀತೆಂದು ನರ್ಸನ್ನು ಕೂಗಿದೆ.

"ಗ್ಯಾಸು ಆಂಟಿ," ಅಂದಳು. "ಆಪರೇಷನ್ ಟೈಮಲ್ಲಿ ಹೊಟ್ಟೆ ಉಬ್ಬಿಸೋಕೆ ಗ್ಯಾಸ್ ತುಂಬಿರ್ತಾರೆ. ಅದು ಭುಜಕ್ಕೆ ನೋವು ಕೊಡುತ್ತೆ. ಓಡಾಡಿ, ಹೋಗುತ್ತೆ."

ಓಡಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದೂ ಅವಳು ಹೇಳಿದಳು. ಹೇಳಬಾರದಿತ್ತು. ನಾನು ಆ ಕಾರಿಡಾರಿನಲ್ಲಿ ಎಷ್ಟು ಓಡಾಡಿದೆನೆಂದರೆ, ಸಂಜೆಯ ಹೊತ್ತಿಗೆ ಅದೇ ಹುಡುಗಿ ಬಂದು, "ಆಂಟಿ, ದಯವಿಟ್ಟು ಕೂತ್ಕೊಳ್ಳಿ, ಬೇರೆ ಪೇಶೆಂಟುಗಳಿಗೆ ತಲೆ ತಿರುಗ್ತಿದೆಯಂತೆ," ಅಂದಳು. ನೀರನ್ನು ಔಷಧಿಯ ಪುಟ್ಟ ಲೋಟದಲ್ಲಿ ಗುಟುಕು ಗುಟುಕಾಗಿ ಕೊಡುತ್ತಿದ್ದರು. ಪ್ರತಿ ಗುಟುಕಿಗೂ ನಾನು ಉಸಿರು ಬಿಗಿಹಿಡಿದು, ಒಳಗೆ ಎಲ್ಲಾದರೂ ತೊಟ್ಟಿಕ್ಕುವ ಸದ್ದು ಬರುತ್ತದೇನೋ ಎಂದು ಕಾಯುತ್ತಿದ್ದೆ. ಹಳೆಯ ನಲ್ಲಿಯ ಮನೆಯಲ್ಲಿ ಬೆಳೆದವಳು ನಾನು. ಸೋರುವುದೆಂದರೆ ಸದ್ದಾಗಬೇಕು ಎಂದು ನಂಬಿದ್ದೆ.

ಮನೆಗೆ ಬಂದೆ. ಬಂದ ಮೇಲೆ ಭಯಕ್ಕೆ ಬಿಡುವು ಹೆಚ್ಚಾಯಿತು. ಬೆಳಿಗ್ಗೆ ಎದ್ದ ಕೂಡಲೇ ಥರ್ಮಾಮೀಟರ್, ಆಮೇಲೆ ನಾಡಿ, ಆಮೇಲೆ ಎರಡೂ ಮೀನಖಂಡಗಳಿಗೆ ಟೇಪು ಸುತ್ತಿ ಅಳತೆ. ಬಲಗಾಲು ಎಡಗಾಲಿಗಿಂತ ಒಂದು ಕೂದಲೆಳೆ ದಪ್ಪ ಕಂಡಿತು. ಫೋನು ಮಾಡಿದರೆ ಸರ್ಜನ್ನರು, "ಆಪರೇಷನ್ನಿಗೆ ಮುಂಚೆ ಅಳೆದಿದ್ರಾ?" ಅಂದರು. ಅಳೆದಿರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಮುಖ್ಯವಾದ ಅಳತೆಯನ್ನು ಬಿಟ್ಟುಬಿಟ್ಟಿದ್ದೆನಲ್ಲ ಎಂದು ಎರಡು ದಿನ ಹಳಹಳಿಸಿದೆ.

ನೋಡಲು ಬಂದವರು ತಮ್ಮ ಪಾಲಿನದನ್ನು ತಂದರು. ಪಕ್ಕದ ಮನೆಯಾಕೆಗೆ ಬಾಗೂರಿನಲ್ಲಿ ಯಾರೋ ಇಂಥದೇ ಮಾಡಿಸಿಕೊಂಡವರು ಗೊತ್ತಂತೆ.

"ಏನಾತು ಅವ್ರಿಗೆ?" ಅಂದೆ ಎದ್ದು ಕೂತು.

"ಏನೂ ಆಗ್ಲಿಲ್ಲ, ಚೆನ್ನಾಗವ್ರೆ. ಆದ್ರೆ ಮಕ ನೋಡಿದ್ರೆ ಗುರ್ತೇ ಸಿಗಲ್ಲ. ಗಂಡನೇ ಬಸ್ಸಾಗೆ, ಸರೀರಿ ಅಮ್ಮ, ಅಂದ್ನಂತೆ."

ತೂಕ ಇಳಿಯುತ್ತ ಹೋಯಿತು. ಸಕ್ಕರೆಯ ಮಾತ್ರೆ ಅರ್ಧವಾಯಿತು. ಕೂದಲು ಸ್ವಲ್ಪ ಉದುರಿತು, ಆದರೆ ಮೊದಲೂ ಉದುರುತ್ತಿತ್ತಾದ್ದರಿಂದ ಅದನ್ನು ಯಾರ ಲೆಕ್ಕಕ್ಕೆ ಹಾಕುವುದೆಂದು ತಿಳಿಯಲಿಲ್ಲ. ಒಂದು ಬೆಳಿಗ್ಗೆ ಯಜಮಾನರು ಕೆಂಪು ಕಣ್ಣು ಮಾಡಿಕೊಂಡು ಎದ್ದರು.

"ನಿದ್ದೆ ಬರ್ಲಿಲ್ವಾ?"

"ನೀನು ಗೊರಕೇನೇ ಹೊಡೀಲಿಲ್ಲ. ರಾತ್ರಿಯೆಲ್ಲ ಮೂಗಿನ ಹತ್ರ ಕೈ ಇಟ್ಟೇ ನೋಡಿದ್ದಾತು. ಉಸಿರು ಸಣ್ಣಗೆ ಬರ್ತಾನೇ ಐತೆ. ಒಂದ್ ಸಲಾನೂ ನಿಲ್ಲಲಿಲ್ಲ." ಆಮೇಲೆ, ದೂರು ಕೊಡುವ ದನಿಯಲ್ಲಿ, "ಇಷ್ಟು ಸದ್ದಿಲ್ದಂಗೆ ಮಲಗಿದ್ರೆ ಮನುಷ್ಯ ಹೆಂಗ್ ನಿದ್ದೆ ಮಾಡಬೇಕು?"

ನಾನು ಅಡುಗೆಮನೆಗೆ ಹೋಗಿ, ಅಲ್ಲಿ ಕೆಲಸವೇನೂ ಇಲ್ಲದಿದ್ದರೂ, ಸ್ವಲ್ಪ ಹೊತ್ತು ನಿಂತುಕೊಂಡು ಬಂದೆ.

ಮೆತ್ತಗಿನ ಊಟದ ದಿನಗಳು ಬಂದವು. ಮುದ್ದೆಗೆ ಮಂಗಳವಾರ ಬೇಡ, ಅಮಾವಾಸ್ಯೆ ಬೇಡ ಎಂದು ಕ್ಯಾಲೆಂಡರು ನೋಡಿ ಒಂದು ಭಾನುವಾರ ಗೊತ್ತುಮಾಡಿದೆ. ಅತ್ತೆ ಬೆಳಗಿನಿಂದಲೇ ಸೆರಗು ಕಟ್ಟಿ ನಿಂತಿದ್ದರು. ಸೊಪ್ಪು ಹುರುಳಿಯ ಬಸ್ಸಾರು. ಮಾಮೂಲಿಗಿಂತ ನೀರು ಹೆಚ್ಚಿಗೆ ಇಟ್ಟು, ಹಿಟ್ಟನ್ನು ಜರಡಿಯಲ್ಲಿ ಎರಡು ಸಲ ಹಿಡಿದು, ಕೋಲು ಹಾಕಿ ತಿರುವಿ ತಿರುವಿ, ಕೈ ಒದ್ದೆ ಮಾಡಿಕೊಂಡು ಕಟ್ಟಿದರು. ನಿಂಬೆಹಣ್ಣಿನಷ್ಟು ಮುದ್ದೆ. ಆ ದೊಡ್ಡ ತಟ್ಟೆಯ ನಡುವೆ ಅದು ಯಾರೋ ಮರೆತು ಬಿಟ್ಟುಹೋದದ್ದರಂತೆ ಕೂತಿತ್ತು.

"ಉಣ್ಣವ್ವಾ," ಅಂದರು, ಎದುರಿಗೇ ಮಣೆ ಹಾಕಿಕೊಂಡು ಕುಳಿತು. "ಬೆಣ್ಣೆ ಆದಂಗೆ ಆಗೈತೆ."

ನಾನು ಸೋರುವುದರ ಬಗ್ಗೆ ಯೋಚಿಸಿದೆ. ಎದೆಯುರಿಯ ಬಗ್ಗೆ ಯೋಚಿಸಿದೆ. ಸಾರಿನ ಹುಳಿ, ಖಾರ, ಬಿಸಿ, ಒಂದೊಂದನ್ನೂ ನಾಲಗೆಯ ತುದಿಗೆ ಮುಟ್ಟಿಸಿ ಪರೀಕ್ಷೆ ಮಾಡಿದೆ. ನೀರಿನ ಲೋಟವನ್ನು ನಿಯಮದ ಪ್ರಕಾರ ದೂರ ತಳ್ಳಿದೆ. ಅಷ್ಟರಲ್ಲಿ ಬೆರಳುಗಳು, ಅವಕ್ಕೆ ನನ್ನ ಅಪ್ಪಣೆ ಬೇಕಿರಲಿಲ್ಲ, ತಮ್ಮ ಪಾಡಿಗೆ ತಾವು ಮುದ್ದೆ ಚಿವುಟಿ, ಉರುಟು ಮಾಡಿ, ಸಾರಿನಲ್ಲಿ ಒಮ್ಮೆ ಹೊರಳಿಸಿ, ನಾಲಗೆಯ ಹಿಂದಕ್ಕಿಟ್ಟವು. ಹುಟ್ಟಿದಾಗಿನಿಂದ ಹೇಗೆ ಇಳಿಯುತ್ತಿತ್ತೋ ಹಾಗೆ ಇಳಿಯಿತು.

ಎದೆಯ ನಡುವಿನವರೆಗೆ ಇಳಿಯಿತು. ಅಲ್ಲಿ ನಿಂತಿತು.

ಮೊದಲು ಒಂದು ಬಿಗಿತ. ಆಮೇಲೆ ಎದೆಯ ಮೂಳೆಯ ಹಿಂದೆ ಯಾರೋ ಮುಷ್ಟಿ ಇಟ್ಟು ಒತ್ತಿದಂಥ ನೋವು. ಬಾಯಿ ತುಂಬ ಜೊಲ್ಲು, ನುಂಗಿದರೆ ಹೋಗದು. ಬೆವರು ಇಳಿಯಿತು. ಮಾತಾಡಲು ಹೋದರೆ ಗಂಟಲಲ್ಲಿ ಗುಳುಗುಳು ಎಂಬ ಸದ್ದು. ಹೊಲಿಗೆ ಬಿಟ್ಟಿತು ಅಂದುಕೊಂಡೆ. ಪಿನ್ನು ಕಿತ್ತಿತು ಅಂದುಕೊಂಡೆ. ರಕ್ತದ ಚೂರು ಶ್ವಾಸಕೋಶ ಸೇರಿತು ಅಂದುಕೊಂಡೆ. ಗಣಪನಿಗೆ ಬೇಜಾರಾಗಿದ್ದು ನಿಜ ಅಂದುಕೊಂಡೆ. ಇಷ್ಟು ತಿಂಗಳು ಕಾದು ಕಾದು, ಇನ್ನು ಬರಲಾರವೆಂದುಕೊಂಡ ಹೊತ್ತಿಗೆ ಎಲ್ಲವೂ ಒಟ್ಟಿಗೆ ಬಂದಿವೆ. ಮಗಳ ಮುಖ ನೆನಪಾಯಿತು, ಯಾಕೋ ಉಪ್ಪಿನಕಾಯಿ ಜಾಡಿಯೂ ನೆನಪಾಯಿತು.

ಯಜಮಾನರು ಒಂದು ಕೈಯನ್ನು ನನ್ನ ಮೂಗಿನ ಮುಂದೆ ಹಿಡಿದು, ಇನ್ನೊಂದು ಕೈಯಲ್ಲಿ ಆಸ್ಪತ್ರೆಗೆ ಫೋನು ಹಚ್ಚಿದರು. ಗಾಬರಿಯಲ್ಲಿ ಸ್ಪೀಕರ್ ಒತ್ತಿದ್ದರಿಂದ ನನಗೂ ಕೇಳಿಸುತ್ತಿತ್ತು. ಆ ಕಡೆ ನರ್ಸು.

"ಜ್ವರ ಇದೆಯಾ?"

"ಇಲ್ಲ."

"ಉಸಿರಾಡ್ತಿದ್ದಾರಾ?"

"ಉಸಿರಾಡ್ತವಳೆ. ಮಾತಾಡ್ತಿಲ್ಲ. ಅದೇ ನಮಗೆ ಭಯ."

"ಏನು ತಿಂದ್ರು?"

"ಮುದ್ದೆ."

"ಚೆನ್ನಾಗಿ ಅಗಿದ್ರಾ?"

ಯಜಮಾನರು ನನ್ನ ಮುಖ ನೋಡಿದರು. ಆಮೇಲೆ ಅವರ ಅವ್ವನ ಮುಖ ನೋಡಿದರು.

"ಮುದ್ದೇನ ಯಾರು ಅಗೀತಾರೆ ಸಿಸ್ಟರ್?" ಅಂದರು.

ಆಮೇಲೆ ಆಕೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ನೀರು ಕುಡಿಸಬೇಡಿ, ನೆಟ್ಟಗೆ ಕೂರಿಸಿ. ಸ್ವಲ್ಪ ಹೊತ್ತಿನಲ್ಲಿ ಕೆಳಗಾದರೂ ಇಳಿಯುತ್ತದೆ, ಮೇಲಾದರೂ ಬರುತ್ತದೆ. ಎರಡೂ ಆಗದಿದ್ದರೆ, ಅಥವಾ ಉಸಿರು ಕಷ್ಟವಾದರೆ, ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ, ನಮಗೂ ಫೋನು ಮಾಡಿ.

ಕಾರು ತರಲು ಯಜಮಾನರು ಚಪ್ಪಲಿ ಮೆಟ್ಟುವಷ್ಟರಲ್ಲಿ ನನಗೆ ತಿಳಿಯಿತು, ಅದು ಮೇಲಿನ ದಾರಿಯನ್ನೇ ಆರಿಸಿಕೊಂಡಿದೆ ಎಂದು. ಬಚ್ಚಲಿಗೆ ಓಡಿದೆ. ಹಿಂದೆ ಯಜಮಾನರು, ಅವರ ಹಿಂದೆ ಅತ್ತೆ. ಗೋಡೆ ಹಿಡಿದು ಬಗ್ಗಿದೆ. ಒಂದೇ ಸಲಕ್ಕೆ ಬಂತು. ಎದೆ ಹಗುರಾಯಿತು, ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಬೆನ್ನಿನ ಮೇಲೆ ಯಜಮಾನರ ಅಂಗೈ ಇತ್ತು.

ಅತ್ತೆ ನನ್ನ ಪಕ್ಕ ಬಗ್ಗಿದರು. ಬಚ್ಚಲಿನ ಕಲ್ಲಿನ ಮೇಲೆ ಆ ತುತ್ತು ಹೇಗೆ ಹೋಗಿತ್ತೋ ಹಾಗೇ, ಉರುಟಾಗಿ, ಒಂದು ಹಲ್ಲಿನ ಗುರುತೂ ಇಲ್ಲದೆ ಬಿದ್ದಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಅದನ್ನು ಬಹಳ ಹೊತ್ತು ನೋಡಿದರು.

"ನೋಡವ್ವಾ," ಅಂದರು. "ಒಂದ್ ಗಂಟಾದ್ರೂ ಐತಾ ಇದ್ರಾಗೆ?"